ಪಿಯಾನೋದ ಪಿನ್ ರಂಧ್ರಗಳನ್ನು ಹೊಸದಾಗಿ ಕೊರೆಸುವುದು: ಹುಬ್ಬಳ್ಳಿಯ ಒಂದು ದುರಸ್ತಿ ಸೇವೆಯ ವಿಮರ್ಶೆ

ಹುಬ್ಬಳ್ಳಿ-ಧಾರವಾಡದಲ್ಲಿ ಹಾರ್ಮೋನಿಯಂನ ತಿದಿ ಹರಿದರೆ ಸರಿಮಾಡಿ ಕೊಡುವವರಿದ್ದಾರೆ. ತಂಬೂರಿಯ ಜವಾರಿ ತೆಗೆಸಬೇಕಾದರೆ ರೈಲು ಹತ್ತಿ ಮಿರಜ್‌ಗೆ ಹೋಗಿ ಬರಬಹುದು. ಪಿಯಾನೋದ ವಿಷಯ ಬಂದಾಗ ಮಾತ್ರ ಈ ಸೀಮೆಯ ಸಂಗೀತಪ್ರಿಯರು ಕೈಚೆಲ್ಲಿ ಕೂಡುತ್ತಾರೆ. ಬೆಂಗಳೂರಿನಿಂದಲೋ ಪುಣೆಯಿಂದಲೋ ಟ್ಯೂನರ್ ಬರುವುದನ್ನು ಕಾಯುತ್ತಾರೆ, ಅವರು ಶ್ರುತಿ ಮಾಡಿ ಹೋದ ಮೇಲೆ ಅದು ಎಷ್ಟು ದಿನ ನಿಂತೀತು ಎಂದು ಲೆಕ್ಕ ಹಾಕುತ್ತಾರೆ. ಆದ್ದರಿಂದ ಗೋಕುಲ ರಸ್ತೆಯ ಕಡೆಯ ಒಂದು ಸಣ್ಣ ಕಾರ್ಯಾಗಾರದಲ್ಲಿ ಹಳೆಯ ಪಿಯಾನೋಗಳಲ್ಲಿ ತಂತಿಯ ಪಿನ್ನುಗಳನ್ನು ಹಿಡಿದಿಡುವ ಮರದ ದಪ್ಪ ಹಲಗೆಯಾದ ಪಿನ್‌ಬ್ಲಾಕ್ ಬದಲಿಸಿ, ಹೊಸ ರಂಧ್ರಗಳನ್ನು ಕೊರೆದು, ಹೊಸ ತಂತಿ ಏರಿಸಿ ಕೊಡುತ್ತಾರೆಂದು ತಿಳಿದಾಗ ನನಗೆ ಸಂತೋಷಕ್ಕಿಂತ ಸಂಶಯವೇ ಹೆಚ್ಚಾಯಿತು. ಕೆಲಸ ಮುಗಿದು ಒಂದು ಮಳೆಗಾಲ ಮತ್ತು ಒಂದು ಬೇಸಿಗೆ ಕಳೆದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ, ಏಕೆಂದರೆ ಅದಕ್ಕಿಂತ ಮೊದಲು ಬರೆದ ಯಾವ ಮೆಚ್ಚುಗೆಗೂ ಪಿಯಾನೋದ ಮಟ್ಟಿಗೆ ಅರ್ಥವಿಲ್ಲ. ಕುಶಲಕರ್ಮಿ ತಮ್ಮ ಹೆಸರು ಹಾಕಬೇಡಿರೆಂದು ಕೇಳಿಕೊಂಡಿದ್ದಾರೆ. ಕೈಯಲ್ಲಿರುವ ಕೆಲಸವೇ ಅವರಿಗೆ ಸಾಕಾಗಿದೆಯಂತೆ.

ನಮ್ಮದು ಲಂಡನ್ನಿನಲ್ಲಿ ತಯಾರಾದ ನಿಲುವು ಪಿಯಾನೋ. ತಂತಿಗಳು ಓರೆಯಾಗಿ ಒಂದರ ಮೇಲೊಂದು ಹಾಯ್ದಿರುವ, ಪೂರ್ಣ ಎರಕದ ಕಬ್ಬಿಣದ ಪ್ಲೇಟ್ ಉಳ್ಳ ಗಟ್ಟಿ ವಾದ್ಯ. ನಾದವನ್ನು ಹಬ್ಬಿಸುವ ಹಲಗೆಯಾದ ಸೌಂಡ್‌ಬೋರ್ಡ್ ಸೀಳಿಲ್ಲ, ಸುತ್ತಿಗೆಗಳ ಉಣ್ಣೆ ಇನ್ನೂ ತಕ್ಕಮಟ್ಟಿಗಿದೆ. ಅದರ ರೋಗವಿದ್ದದ್ದು ಒಂದೇ ಕಡೆ: ಶ್ರುತಿ ನಿಲ್ಲುತ್ತಿರಲಿಲ್ಲ. ಸಾಮಾನ್ಯವಾಗಿ ಒಂದು ಪಿಯಾನೋದಲ್ಲಿ ಸುಮಾರು 230 ತಂತಿಗಳಿರುತ್ತವೆ. ಒಂದೊಂದರ ಮೇಲೂ 70ರಿಂದ 90 ಕಿಲೋಗ್ರಾಂ ಎಳೆತವಿದ್ದು, ಎಲ್ಲ ಸೇರಿ 15ರಿಂದ 20 ಟನ್ ಆಗುತ್ತದೆ. ಈ ಎಳೆತದ ಬಹುಪಾಲನ್ನು ಕಬ್ಬಿಣದ ಪ್ಲೇಟ್ ಹೊರುತ್ತದೆ ನಿಜ, ಆದರೆ ಪ್ರತಿಯೊಂದು ತಂತಿಯ ತುದಿಯನ್ನು ಹಿಡಿದಿಟ್ಟಿರುವುದು ಮರದ ತೂತಿನಲ್ಲಿ ಬಡಿದು ಕೂಡಿಸಿದ ಒಂದು ಉಕ್ಕಿನ ಪಿನ್ನು ಮಾತ್ರ. ಅದಕ್ಕೆ ನಟ್ಟಿಲ್ಲ, ಬೋಲ್ಟಿಲ್ಲ, ಅಂಟೂ ಇಲ್ಲ. ಪಿನ್ನಿನ ಮೈಮೇಲೆ ಕಣ್ಣಿಗೆ ಕಾಣುವಷ್ಟೇ ಸಣ್ಣ ಮರೆಗಳು (ತಿರುಪಿನ ಗೆರೆಗಳು) ಇರುತ್ತವೆ, ಸುತ್ತಲಿನ ಮರ ಅದನ್ನು ಬಿಗಿಯಾಗಿ ಅಪ್ಪಿಕೊಂಡಿರುತ್ತದೆ, ಅಷ್ಟೆ. ತಂಬೂರಿಯ ಬಿರಡೆ ಸಡಿಲಾದರೆ ಸುಣ್ಣದ ಪುಡಿ ಹಚ್ಚಿ ಒಳಗೆ ಒತ್ತಬಹುದು, ಏಕೆಂದರೆ ಅದು ತುದಿಯ ಕಡೆಗೆ ಸಣ್ಣದಾಗುತ್ತ ಹೋಗುತ್ತದೆ. ಪಿಯಾನೋದ ಪಿನ್ನು ಉದ್ದಕ್ಕೂ ಒಂದೇ ದಪ್ಪ. ಅದನ್ನು ಎಷ್ಟು ಒಳಗೆ ಬಡಿದರೂ ತೂತಿನ ಗೋಡೆ ಸವೆದಿದ್ದರೆ ಹಿಡಿತ ಮರಳಿ ಬರುವುದಿಲ್ಲ.

ಈ ಮೊದಲು ಬೇರೊಬ್ಬರು ಮಾಡಿದ್ದ ದುರಸ್ತಿಗಳ ಕುರುಹುಗಳು ವಾದ್ಯದೊಳಗೆ ಸಾಕಷ್ಟಿದ್ದವು. ಕೆಲವು ಪಿನ್ನುಗಳ ಸುತ್ತ ಮರಳು ಕಾಗದದ ಚೂರುಗಳನ್ನು ಸುತ್ತಿ ಬಡಿದಿದ್ದರು. ಇನ್ನು ಕೆಲವು ಕಡೆ ಮೂಲ ಅಳತೆಗಿಂತ ಎರಡು ಮೂರು ನಂಬರ್ ದಪ್ಪನೆಯ ಪಿನ್ನುಗಳನ್ನು ಹಾಕಿದ್ದರು, ಮತ್ತು ಒಂದು ಭಾಗದಲ್ಲಿ ತೆಳುವಾದ ಸೂಪರ್ ಗ್ಲೂ ಇಳಿಬಿಟ್ಟಿದ್ದರು. ಈ ಮೂರರಲ್ಲಿ ಕೊನೆಯದನ್ನು ನಾನು ಹಳಿಯಲಾರೆ. ಮರ ಇನ್ನೂ ಸೀಳಿರದೆ, ಹಿಡಿತ ಮಾತ್ರ ತುಸು ಕಡಿಮೆಯಾಗಿದ್ದರೆ ಸೂಪರ್ ಗ್ಲೂ ಕಡಿಮೆ ಖರ್ಚಿನಲ್ಲಿ ವರ್ಷಗಟ್ಟಲೆ ಕೆಲಸ ಕೊಡುತ್ತದೆ, ಅನೇಕ ಒಳ್ಳೆಯ ತಂತ್ರಜ್ಞರೂ ಅದನ್ನು ಬಳಸುತ್ತಾರೆ. ದಪ್ಪ ಪಿನ್ನುಗಳ ಕಥೆ ಬೇರೆ. ಆಗಲೇ ದಣಿದ ಮರದಲ್ಲಿ ಪಕ್ಕಪಕ್ಕದ ತೂತುಗಳಿಗೆಲ್ಲ ದಪ್ಪ ಪಿನ್ನು ಬಡಿದರೆ ನಡುವಿನ ಮರ ಪದರಪದರವಾಗಿ ಬಿಡುತ್ತದೆ. ನಮ್ಮ ಪಿನ್‌ಬ್ಲಾಕಿನಲ್ಲಿ ಆದದ್ದೂ ಅದೇ. ಹುಬ್ಬಳ್ಳಿಯ ಈ ಕುಶಲಕರ್ಮಿ ಮೊದಲ ಭೇಟಿಯಲ್ಲಿ ಟಾರ್ಕ್ ವ್ರೆಂಚ್ (ತಿರುಗಿಸಲು ಬೇಕಾದ ಬಲ, ಅಂದರೆ ಟಾರ್ಕ್ ಅಳೆಯುವ ಸಾಧನ) ಹಚ್ಚಿ ಒಂದೊಂದೇ ಪಿನ್ನನ್ನು ತಿರುವಿ ನೋಡಿದರು. ಹೊಸ ಪಿಯಾನೋದಲ್ಲಿ ಪಿನ್ನು ತಿರುಗಲು 80ರಿಂದ 120 ಇಂಚು-ಪೌಂಡ್, ಅಂದರೆ ಸರಿಸುಮಾರು 9ರಿಂದ 13.5 ನ್ಯೂಟನ್-ಮೀಟರ್ ಬಲ ಬೇಕಾಗುತ್ತದೆ. 40ಕ್ಕಿಂತ ಕೆಳಗಿಳಿದರೆ ಶ್ರುತಿ ನಿಲ್ಲುವ ಭರವಸೆ ಇಟ್ಟುಕೊಳ್ಳುವುದು ಕಷ್ಟ. ನಮ್ಮಲ್ಲಿ ನಡುವಿನ ಸಪ್ತಕಗಳ ಬಹಳಷ್ಟು ಪಿನ್ನುಗಳು ಅದಕ್ಕೂ ಕೆಳಗಿದ್ದವು. ಸ್ಥಿತಿಯನ್ನು ಅಂಕಿಗಳಲ್ಲಿ ತೋರಿಸಿ, ಆಮೇಲೆ ದರ ಹೇಳಿದ ಮೊದಲ ದುರಸ್ತಿಗಾರರು ಇವರೇ. ಈ ಒಂದು ಕಾರಣಕ್ಕೆ ನನ್ನ ಸಂಶಯ ಅರ್ಧ ಇಳಿಯಿತು.

ಅವರು ಮುಂದಿಟ್ಟ ಪರಿಹಾರ ಹೀಗಿತ್ತು. ನಿಲುವು ಪಿಯಾನೋದಲ್ಲಿ ಪಿನ್‌ಬ್ಲಾಕನ್ನು ಹಿಂಬದಿಯ ಕಂಬಗಳಿಗೆ ಅಂಟಿಸಿರುತ್ತಾರೆ, ಅದನ್ನು ಇಡಿಯಾಗಿ ಕೀಳುವುದು ವಾದ್ಯವನ್ನೇ ಬಿಚ್ಚಿದಂತೆ. ಆದ್ದರಿಂದ ತಂತಿ ಮತ್ತು ಪ್ಲೇಟ್ ತೆಗೆದು, ಹಳೆಯ ಬ್ಲಾಕಿನ ಮುಂಭಾಗವನ್ನು ರೌಟರ್ ಎಂಬ ಮರಗೆಲಸದ ಯಂತ್ರದಿಂದ ಬೇಕಾದಷ್ಟು ಆಳಕ್ಕೆ ಕೆರೆದು, ಆ ಜಾಗಕ್ಕೆ ಹೊಸ ಪದರಮರದ ಹಲಗೆಯನ್ನು ಎಪಾಕ್ಸಿಯಿಂದ ಕೂಡಿಸಿ, ಅದರಲ್ಲಿ ಎಲ್ಲ ರಂಧ್ರಗಳನ್ನೂ ಹೊಸದಾಗಿ ಕೊರೆಯುವುದು. ಹಳೆಯ ತೂತುಗಳಿಗೆ ಗೂಟ ಬಡಿದು ಅಲ್ಲಿಯೇ ಮತ್ತೆ ಕೊರೆಯಬಾರದೇಕೆ ಎಂದು ಕೇಳಿದೆ. ಸುತ್ತಲಿನ ಮರವೇ ಪದರ ಬಿಟ್ಟಿರುವಾಗ ಗೂಟ ಯಾವುದನ್ನು ಆಧರಿಸಿ ನಿಲ್ಲಬೇಕು ಎಂಬ ಅವರ ಮರುಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ನಮ್ಮ ಬಡಿಗೇರರು ದಾಂಡೇಲಿಯ ಹಳೆಯ ಸಾಗವಾನಿ ಇರುವಾಗ ಪರದೇಶದ ಮರವೇಕೆ ಎಂದು ಬಹಳ ಬೇಸರಪಟ್ಟರು. ಬಾಗಿಲು, ಚೌಕಟ್ಟುಗಳ ಮಟ್ಟಿಗೆ ಅವರ ಮಾತು ಸರಿ. ಆದರೆ ಸಾಗವಾನಿಯ ಸಹಜ ಎಣ್ಣೆಯಂಶ ಅಂಟಿಗೂ ಹಿಡಿತಕ್ಕೂ ಒಳ್ಳೆಯದಲ್ಲ, ಗಟ್ಟಿ ಮೇಪಲ್ ಅಥವಾ ಬೀಚ್ ಮರದಷ್ಟು ಗಡಸೂ ಅದಕ್ಕಿಲ್ಲ. ಬೀಚ್ ಮರದ ತೆಳು ಪದರಗಳನ್ನು ಎಳೆ ಅಡ್ಡಡ್ಡ ಬರುವಂತೆ ಜೋಡಿಸಿ ಒತ್ತಿದ ಜರ್ಮನ್ ಹಲಗೆಯನ್ನೇ ಅವರು ತರಿಸಿದರು. ಎಳೆಗಳು ಹೀಗೆ ಅಡ್ಡಡ್ಡ ಇದ್ದಾಗ ಪಿನ್ನಿನ ಸುತ್ತ ಯಾವ ದಿಕ್ಕಿನಲ್ಲಿ ನೋಡಿದರೂ ಎಲ್ಲೋ ಒಂದು ಪದರದ ಎಳೆ ತುದಿಯು ಪಿನ್ನನ್ನು ಎದುರಿಸುತ್ತಿರುತ್ತದೆ.

ಹಲಗೆ ಬಂದ ಕೂಡಲೇ ಕೆಲಸ ಶುರು ಮಾಡಲಿಲ್ಲ. ಅದನ್ನು ಧಾರವಾಡದ ಸಪ್ತಾಪುರದ ನಮ್ಮ ಮನೆಯಲ್ಲಿ ಪಿಯಾನೋ ಇದ್ದ ಕೋಣೆಯಲ್ಲಿಯೇ ಕೆಲವು ವಾರ ಇಟ್ಟರು. ಮೃಗಶಿರಾ ಮಳೆ ಹಿಡಿದಾಗಿನಿಂದ ಆಶ್ವಯುಜದವರೆಗೆ ರಂಧ್ರ ಕೊರೆಯುವ ಕೆಲಸವನ್ನು ಅವರು ಒಪ್ಪಿಕೊಳ್ಳುವುದೇ ಇಲ್ಲ. ಇದು ಹಟವೆಂದು ಮೊದಲು ತೋರಿತಾದರೂ ಕಾರಣ ಗಟ್ಟಿಯಾದದ್ದು. ಧಾರವಾಡದ ಮಳೆಗಾಲದಲ್ಲಿ ಮರ ತೇವ ಹೀರಿ ಉಬ್ಬುತ್ತದೆ, ಉಕ್ಕಿನ ಪಿನ್ನು ಮಾತ್ರ ಒಂದಿಷ್ಟೂ ಜಾಗ ಬಿಡುವುದಿಲ್ಲ. ಹೀಗಾಗಿ ಪಿನ್ನಿಗೆ ತಾಗಿದ ಎಳೆಗಳು ಒಳಗೊಳಗೇ ಜಜ್ಜಿಹೋಗುತ್ತವೆ. ಮಾಘ-ಫಾಲ್ಗುಣದ ಒಣಗಾಳಿ ಬೀಸಿದಾಗ ಮರ ಕುಗ್ಗುತ್ತದೆಯಾದರೂ ಜಜ್ಜಿದ ಎಳೆಗಳು ಮೊದಲಿನಂತೆ ಪುಟಿದೇಳುವುದಿಲ್ಲ, ಹಿಡಿತ ಸಡಿಲಾಗುತ್ತದೆ. ಇದು ಹಲವು ದಶಕ ನಡೆದರೆ ಯಾವ ಪಿನ್‌ಬ್ಲಾಕೂ ದಣಿಯಲೇಬೇಕು. ಒದ್ದೆ ಮರದಲ್ಲಿ ಅಳತೆ ನೋಡಿ ಕೊರೆದರೆ ಆ ಅಳತೆಯೇ ಸುಳ್ಳಾಗಿ, ಮೊದಲ ಬೇಸಿಗೆಯಲ್ಲಿಯೇ ಫಲ ಅನುಭವಿಸಬೇಕಾಗುತ್ತದೆ.

ಇನ್ನು ಕೊರೆಯುವ ಕೆಲಸ. ಈ ಸೇವೆಗೆ ಕೊಟ್ಟ ಹಣದ ಬೆಲೆ ಇರುವುದು ಇಲ್ಲಿ, ಮಿಕ್ಕದ್ದೆಲ್ಲ ಹೆಚ್ಚುಕಡಿಮೆ ಯಾವ ಚತುರ ಮರಗೆಲಸದವರೂ ಮಾಡಬಲ್ಲದ್ದು. ಇತ್ತೀಚಿನ ಪಿಯಾನೋಗಳಲ್ಲಿ ಹೆಚ್ಚಾಗಿ ಕಾಣುವ 2/0 ನಂಬರಿನ ಪಿನ್ನಿನ ದಪ್ಪ ಸುಮಾರು 7.15 ಮಿಲಿಮೀಟರ್. ಇದು ಹೋಗಬೇಕಾದ ತೂತು ಅದಕ್ಕಿಂತ ಸಣ್ಣದಿರಬೇಕು, ಆದರೆ ಎಷ್ಟು ಸಣ್ಣದು ಎಂಬುದು ಮರದ ಗಡಸುತನವನ್ನು ಅವಲಂಬಿಸಿದೆ. ಮರ ಮೆತ್ತಗಿದ್ದಷ್ಟೂ ತೂತು ಕಿರಿದು, ಗಡಸಾದಷ್ಟೂ ತುಸು ಹಿರಿದು. ನಮ್ಮ ಹಲಗೆಯಿಂದ ಕೊಯ್ದ ತುಂಡೊಂದನ್ನು ವೈಸ್‌ಗೆ ಹಚ್ಚಿ, 6.6, 6.7 ಮತ್ತು 6.8 ಮಿಲಿಮೀಟರ್ ಡ್ರಿಲ್ ಬಿಟ್ಟುಗಳಿಂದ ಸಾಲುಸಾಲಾಗಿ ಕೊರೆದು, ಪ್ರತಿಯೊಂದಕ್ಕೂ ಪಿನ್ನು ಬಡಿದು, ಮರುದಿನ ಟಾರ್ಕ್ ಅಳೆದು ನನಗೆ ತೋರಿಸಿದರು. 6.6ರ ಸಾಲಿನಲ್ಲಿ ಪಿನ್ನು ಅಲುಗಲೊಲ್ಲದು. ಶ್ರುತಿ ಮಾಡುವ ಸನ್ನೆಯನ್ನು (ಟ್ಯೂನಿಂಗ್ ಲಿವರ್) ಒತ್ತಿದರೆ ಮೇಲಿನ ತುದಿ ತಿರುಚಿಕೊಳ್ಳುತ್ತದೆ, ಕೆಳಗಿನ ತುದಿ ಇದ್ದಲ್ಲಿಯೇ ಇರುತ್ತದೆ, ಆಮೇಲೆ ಒಮ್ಮೆಲೇ ಟಕ್ಕೆಂದು ಜಿಗಿಯುತ್ತದೆ. ಇಂತಹ ಪಿನ್ನು ಬಿಗಿಯಾಗಿದೆಯೆಂದು ಮಾಲೀಕರು ಸಂತೋಷಪಡುತ್ತಾರೆ, ಶ್ರುತಿ ಮಾಡುವವರು ಶಪಿಸುತ್ತಾರೆ, ಏಕೆಂದರೆ ಕೂದಲೆಳೆಯಷ್ಟು ತಿರುಗಿಸಬೇಕಾದಲ್ಲಿ ಅದು ಬೆರಳಗಲ ಹಾರುತ್ತದೆ. 6.8ರಲ್ಲಿ ತಿರುಗುವುದು ನಯವಾಗಿತ್ತು, ಆದರೆ ಮುಂದೆ ಇಳಿಯಲಿರುವ ಬಿಗಿತಕ್ಕೆ ಬೇಕಾದ ಮಿಗಿತವಿರಲಿಲ್ಲ. ಹೀಗೆ 6.7 ನಿಶ್ಚಯವಾಯಿತು. 6.8ರ ಬಿಟ್ಟು ಹುಬ್ಬಳ್ಳಿಯ ಯಾವ ಟೂಲ್ಸ್ ಅಂಗಡಿಯಲ್ಲಾದರೂ ಸಿಗುತ್ತದೆ, 8 ಮಿಲಿಮೀಟರ್ ಬೋಲ್ಟಿಗೆ ಮರೆ ಕೊರೆಯುವ ಮೊದಲು ಹಾಕುವ ತೂತಿನ ಅಳತೆ ಅದು. ಸುಲಭವಾಗಿ ಸಿಕ್ಕಿತೆಂದು ಅದರಲ್ಲಿಯೇ ಮುಗಿಸಿಬಿಡುವವರನ್ನು ನಾನು ಊಹಿಸಬಲ್ಲೆ. ಇವರು ಹಾಗೆ ಮಾಡಲಿಲ್ಲ, ಮೇಲಾಗಿ ತರಿಸಿದ 6.7ರ ಬಿಟ್ಟುಗಳನ್ನೂ ಒಂದೊಂದಾಗಿ ಮೈಕ್ರೊಮೀಟರಿಗೆ ಹಿಡಿದು, ಅಳತೆ ತಪ್ಪಿದವುಗಳನ್ನು ಬೇರೆ ಇಟ್ಟರು.

ರಂಧ್ರಗಳ ಜಾಗವನ್ನು ಗುರುತಿಸಲು ಪ್ಲೇಟನ್ನು ಮತ್ತೆ ಕೂಡಿಸಿ, ಅದರ ತೂತುಗಳ ಮೂಲಕ ಪಂಚ್ ಇಳಿಸಿ ಪ್ರತಿಯೊಂದರ ಕೇಂದ್ರಕ್ಕೂ ಚುಕ್ಕೆ ಹೊಡೆದರು. ಅದಕ್ಕೂ ಮೊದಲು ಪ್ಲೇಟಿನ ತುಟಿಗೆ ಸುಣ್ಣದ ಪುಡಿ ಸವರಿ, ಹಲಗೆಯ ಅಂಚು ಎಲ್ಲೆಲ್ಲಿ ತಾಗುತ್ತದೆಂದು ನೋಡಿ, ಎತ್ತರವಾದಲ್ಲಿ ಉಳಿಯಿಂದ ಕೆತ್ತಿ, ಅದು ಉದ್ದಕ್ಕೂ ಒಂದೇ ಸಮನೆ ಕೂಡುವವರೆಗೂ ಪ್ಲೇಟನ್ನು ಎತ್ತಿ ಇಳಿಸುತ್ತಲೇ ಇದ್ದರು. ತಂತಿಗಳ ಎಳೆತದ ಬಹುಪಾಲು ಈ ಅಂಚಿನ ಮೂಲಕವೇ ಮರದಿಂದ ಕಬ್ಬಿಣಕ್ಕೆ ದಾಟುವುದರಿಂದ ಅಲ್ಲಿ ಸಂದು ಉಳಿದರೆ ತೂತು ಎಷ್ಟು ಚೆನ್ನಾಗಿದ್ದರೂ ಪ್ರಯೋಜನವಿಲ್ಲ.

ಪಿನ್ನುಗಳು ಮರಕ್ಕೆ ನೇರ ಲಂಬವಾಗಿ ನಿಲ್ಲುವುದಿಲ್ಲ. ತಂತಿಯ ಎಳೆತಕ್ಕೆ ವಿರುದ್ಧವಾಗಿ ಹೊರತುದಿ ಕೆಲವು ಡಿಗ್ರಿ ಮೇಲ್ಮುಖವಾಗಿರಬೇಕು. ಸಾಮಾನ್ಯವಾಗಿ ಇದು 5ರಿಂದ 7 ಡಿಗ್ರಿ. ಹಳೆಯ ಪಿನ್ನುಗಳನ್ನು ಕೀಳುವ ಮೊದಲೇ ಅವುಗಳ ಓರೆಯನ್ನು ಅಳೆದಿಟ್ಟುಕೊಂಡು, ಅದಕ್ಕೆ ತಕ್ಕ ಬೆಣೆಯನ್ನು ಡ್ರಿಲ್ಲಿನ ಗಾಡಿಯ ಕೆಳಗೆ ಕೊಟ್ಟರು. ಗಾಡಿ ಎಂದೆ: ಹಿಮ್ಮೈ ಮೇಲೆ ಮಲಗಿಸಿದ ಪಿಯಾನೋದ ಅಡ್ಡಕ್ಕೆ ಎರಡು ಉಕ್ಕಿನ ಹಳಿಗಳನ್ನು ಬಿಗಿದು, ಅವುಗಳ ಮೇಲೆ ಜಾರುವ ಡ್ರಿಲ್ ಸ್ಟ್ಯಾಂಡ್ ಕೂಡಿಸಿದ್ದರು. ಕೈಯಲ್ಲಿ ಹಿಡಿದ ಡ್ರಿಲ್ಲು ಎಷ್ಟೇ ಅನುಭವಿಗಳ ಕೈಯಲ್ಲಿದ್ದರೂ ಒಳಗಿಳಿಯುವಾಗ ತುಸು ತೂಗಾಡುತ್ತದೆ, ತೂತಿನ ಬಾಯಿ ಅಂಡಾಕಾರವಾಗುತ್ತದೆ. ಗಾಡಿಯ ವ್ಯವಸ್ಥೆಯಲ್ಲಿ ಆ ಭಯವಿರಲಿಲ್ಲ. ಮೊದಲು ಗಿಡ್ಡ ಸೆಂಟರ್ ಡ್ರಿಲ್ಲಿನಿಂದ ಬಾಯಿ ತೆರೆದು, ಆಮೇಲೆ ಉದ್ದ ಬಿಟ್ಟನ್ನು ಅರ್ಧಕ್ಕೆ ಇಳಿಸಿ, ಹೊರಗೆಳೆದು, ಹೊಟ್ಟನ್ನು ಗಾಳಿಯಿಂದ ಊದಿ, ಮತ್ತೆ ತಳದವರೆಗೆ ಒಂದೇ ಎಳೆಯಲ್ಲಿ ಇಳಿಸುತ್ತಿದ್ದರು. ಬಿಟ್ಟು ತೂತಿನೊಳಗೆ ನಿಂತಲ್ಲಿಯೇ ತಿರುಗಲು ಅವರು ಎಂದೂ ಬಿಡಲಿಲ್ಲ.

ಇಷ್ಟೊಂದು ಎಚ್ಚರ ಶಾಖದ ಕಾರಣಕ್ಕೆ. ಬಿಟ್ಟು ಕಾದರೆ ತೂತಿನ ಗೋಡೆ ಸುಟ್ಟು ಗಾಜಿನಂತೆ ನುಣುಪಾಗುತ್ತದೆ, ಆ ನುಣುಪು ಗೋಡೆಯಲ್ಲಿ ಪಿನ್ನು ಒಮ್ಮೆ ಅಂಟುತ್ತದೆ, ಒಮ್ಮೆ ಜಾರುತ್ತದೆ. ನಾನು ಪಕ್ಕದಲ್ಲಿ ಕುಳಿತು ನೋಡುತ್ತಿದ್ದಾಗ ಬಿಟ್ಟಿನ ತೋಡುಗಳಿಂದ ಕೆನೆಬಣ್ಣದ ಚೂರುಗಳು ಸುರುಳಿಯಾಗಿ ಬರುತ್ತಿದ್ದವು. ಒಂದು ತೂತಿನಲ್ಲಿ ಅವು ಕಂದುಬಣ್ಣಕ್ಕೆ ತಿರುಗಿ ಪುಡಿಯಾಗತೊಡಗಿದ ಕೂಡಲೇ ಅವರು ಡ್ರಿಲ್ ನಿಲ್ಲಿಸಿ, ಆ ಬಿಟ್ಟನ್ನು ಕಬ್ಬಿಣದ ತಗಡಿನ ಮೇಲೆ ಆರಲಿಟ್ಟು, ಬೇರೆಯದನ್ನು ಹಾಕಿಕೊಂಡರು. ಬಿಟ್ಟುಗಳನ್ನು ಹೀಗೆ ಸರದಿಯ ಮೇಲೆ ಬಳಸುತ್ತಿದ್ದರು, ಮತ್ತು ಮೊಂಡಾದದ್ದನ್ನು ಮಸೆಯದೆ ಬದಿಗಿಟ್ಟರು, ಏಕೆಂದರೆ ಕೈಯಿಂದ ಮಸೆದ ಬಿಟ್ಟಿನ ಎರಡು ಅಂಚುಗಳು ಸಮನಾಗಿರದಿದ್ದರೆ ಅದು ತನ್ನ ಅಳತೆಗಿಂತ ದೊಡ್ಡ ತೂತನ್ನೇ ಕೊರೆಯುತ್ತದೆ. ಬಿಟ್ಟು ಬೇಕಾದದ್ದಕ್ಕಿಂತ ಕೆಳಗಿಳಿಯದಂತೆ ತಡೆಯೊಂದನ್ನು ಹಾಕಿ ಆಳವನ್ನು ನಿಗದಿ ಮಾಡಿದ್ದರು. ಪಿನ್ನಿನ ತುದಿ ತಳಕ್ಕೆ ತಾಗದಂತೆ ತುಸು ಹೆಚ್ಚು ಆಳ.

ಈಗ ಕೊರತೆಗಳು. ಪಿಯಾನೋದ ಎರಡೂ ಬದಿಯ ಮರದ ಗೋಡೆಗಳು ಅಡ್ಡ ಬರುವುದರಿಂದ ಗಾಡಿ ಕೊನೆಯವರೆಗೆ ಸರಿಯುವುದಿಲ್ಲ. ಬಲತುದಿಯ, ಅಂದರೆ ತಾರಸ್ಥಾಯಿಯ ಕೊನೆಯ ಕೆಲವು ರಂಧ್ರಗಳನ್ನು ಅವರು ಕೈ ಡ್ರಿಲ್ಲಿನಿಂದಲೇ, ಓರೆ ತೋರಿಸಲು ಒಂದು ಮರದ ತುಂಡನ್ನು ಪಕ್ಕಕ್ಕೆ ಹಿಡಿದು ಕೊರೆದರು. ಪರಿಣಾಮ ಕಣ್ಣಿಗೇ ಕಾಣುತ್ತದೆ. ಉಕ್ಕಿನ ಅಳತೆಪಟ್ಟಿಯನ್ನು ಪಿನ್ನುಗಳ ತಲೆಯ ಮೇಲೆ ಅಡ್ಡ ಇಟ್ಟರೆ ನಡುವಿನ ಭಾಗದಲ್ಲಿ ಎಲ್ಲವೂ ಒಂದೇ ಸಮನೆ ತಾಗುತ್ತವೆ, ಬಲತುದಿಯಲ್ಲಿ ಮಾತ್ರ ಪಟ್ಟಿ ಅಲ್ಲಾಡುತ್ತದೆ, ಒಂದೆರಡು ಪಿನ್ನುಗಳು ನೆರೆಯವುಗಳಿಗಿಂತ ಹೆಚ್ಚು ಮೇಲಕ್ಕೆ ಮುಖ ಮಾಡಿವೆ. ಇದು ಬರೀ ಅಂದಚೆಂದದ ಪ್ರಶ್ನೆಯಾಗಿದ್ದರೆ ಬರೆಯುತ್ತಿರಲಿಲ್ಲ. ತಾರಸ್ಥಾಯಿಯ ತಂತಿಗಳು ಬಹಳ ಗಿಡ್ಡವಾದ್ದರಿಂದ ಪಿನ್ನಿನ ಅತ್ಯಲ್ಪ ಚಲನೆಯೂ ಸ್ವರವನ್ನು ಎದ್ದುಕಾಣುವಂತೆ ಕದಲಿಸುತ್ತದೆ. ಎಲ್ಲಕ್ಕಿಂತ ನಿಖರವಾದ ತೂತು ಬೇಕಾದ ಜಾಗದಲ್ಲಿಯೇ ಉಪಕರಣ ತಲುಪಲಿಲ್ಲ. ಗಿಡ್ಡ ತಲೆಯ, ಕೋನಾಕಾರದ ಡ್ರಿಲ್ ಹೆಡ್ ತರಿಸಿದ್ದರೆ ಈ ತೊಡಕು ಬರುತ್ತಿರಲಿಲ್ಲವೆಂದು ನನ್ನ ಅಭಿಪ್ರಾಯ, ಮತ್ತು ಇಂತಹ ಮೊತ್ತ ಪಡೆಯುವವರು ಅದನ್ನು ಇಟ್ಟುಕೊಳ್ಳಬೇಕಿತ್ತು. ನಾನು ಇದನ್ನು ತೋರಿಸಿದಾಗ ಅವರು ವಾದ ಮಾಡದೆ ಒಪ್ಪಿಕೊಂಡು, ಅತಿ ಸಡಿಲಾದ ಪಿನ್ನನ್ನು ಒಂದು ನಂಬರ್ ದಪ್ಪನೆಯದಕ್ಕೆ ಬದಲಿಸಿ ಕೊಟ್ಟರು, ಹಣ ಕೇಳಲಿಲ್ಲ. ಹೊಚ್ಚಹೊಸ ಬ್ಲಾಕಿನಲ್ಲಿ ದಪ್ಪ ಪಿನ್ನು ಬಂದು ಕೂತದ್ದು ನನಗೆ ಈಗಲೂ ಹಿತವೆನಿಸುವುದಿಲ್ಲ.

ದಾಖಲೆಯ ವಿಷಯದಲ್ಲಿಯೂ ಅವರು ಸೋಮಾರಿಗಳು. ಯಾವ ಹಲಗೆ, ಯಾವ ಬಿಟ್ಟು, ಯಾವ ನಂಬರಿನ ಪಿನ್ನು, ಆರಂಭದ ಟಾರ್ಕ್ ಎಷ್ಟು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಪಿಯಾನೋದೊಳಗೆ ಅಂಟಿಸಿದ್ದರೆ ಮುಂದೆ ಬರುವ ಯಾವ ಟ್ಯೂನರಿಗೂ ಅನುಕೂಲವಾಗುತ್ತಿತ್ತು. ಇವೆಲ್ಲವನ್ನು ನಾನೇ ಕೇಳಿ ಬರೆಯಿಸಿಕೊಳ್ಳಬೇಕಾಯಿತು. ಹೇಳಿದ ಅವಧಿಗಿಂತ ಕೆಲಸ ಬಹಳ ತಡವಾಯಿತು, ಆದರೆ ಅದರ ದೊಡ್ಡ ಪಾಲು ತಂತಿಗಳದ್ದು. ತಾಮ್ರ ಸುತ್ತಿದ ಮಂದ್ರದ ತಂತಿಗಳನ್ನು ಅಳತೆ ಕೊಟ್ಟು ಹೊರಗಿನಿಂದ ಮಾಡಿಸಿ ತರಿಸಬೇಕಾಗುತ್ತದೆ.

ಹಿಡಿತದ ಮಟ್ಟಿಗೆ ಫಲಿತಾಂಶ ಹೀಗಿದೆ. ಪಿನ್ನು ಬಡಿದ ಹೊಸದರಲ್ಲಿ ನಡುಭಾಗದ ಟಾರ್ಕ್ 110 ಇಂಚು-ಪೌಂಡಿನ ಆಸುಪಾಸಿನಲ್ಲಿತ್ತು. ಮಳೆಗಾಲ ಮತ್ತು ಬೇಸಿಗೆ ದಾಟಿದ ಮೇಲೆ ಅಳೆದಾಗ 90ರ ಸುತ್ತ ನಿಂತಿತ್ತು. ಹೊಸ ರಂಧ್ರದಲ್ಲಿ ಎಳೆಗಳು ಹೊಂದಿಕೊಳ್ಳುವಾಗ ಇಷ್ಟು ಇಳಿಯುವುದು ಸಹಜ, ಮೊದಲು ಮಿಗಿತ ಇಟ್ಟದ್ದು ಇದಕ್ಕಾಗಿಯೇ. ಸನ್ನೆ ಹಚ್ಚಿದರೆ ಪಿನ್ನು ಬೆಣ್ಣೆಯಂತೆ ಜಾರದೆ, ಜಿಗಿಯದೆ, ಒಂದೇ ಬಿಗಿಯಲ್ಲಿ ತಿರುಗುತ್ತದೆ. ಬೆಂಗಳೂರಿನಿಂದ ಬಂದ ಟ್ಯೂನರ್ ಕೂಡ ಇದನ್ನೇ ಮೊದಲು ಗಮನಿಸಿದರು. ಹೊಸ ತಂತಿ ಹಿಗ್ಗುವುದರಿಂದ ಮೊದಲ ವರ್ಷ ಹಲವು ಸಲ ಶ್ರುತಿ ಮಾಡಿಸಲೇಬೇಕು. ಆ ಖರ್ಚು ಅವರ ದರದಲ್ಲಿ ಸೇರಿಲ್ಲವೆಂಬುದನ್ನು ಕೆಲಸ ಒಪ್ಪಿಸುವ ಮೊದಲೇ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.

ದರ ಸಣ್ಣದಲ್ಲ: ಹಲಗೆ, ಪಿನ್ನು, ತಂತಿ, ಸಾಗಣೆ ಎಲ್ಲ ಸೇರಿ ಮಧ್ಯಮ ದರ್ಜೆಯ ಹೊಸ ಡಿಜಿಟಲ್ ಪಿಯಾನೋದ ಬೆಲೆಯನ್ನು ಮೀರಿತು. ಆದ್ದರಿಂದ ಪ್ಲೇಟ್ ಪಿನ್‌ಬ್ಲಾಕನ್ನು ಮುಚ್ಚದ, ಮುಕ್ಕಾಲು ಕಬ್ಬಿಣದ ಚೌಕಟ್ಟಿನ, ನೇರ ತಂತಿಯ ಹಳೆಯ ಇಂಗ್ಲಿಷ್ ಪಿಯಾನೋ ಇದ್ದವರು ಇಷ್ಟು ಹಣ ಸುರಿಯುವುದನ್ನು ನಾನು ಸೂಚಿಸಲಾರೆ. ಅಂಥವುಗಳಿಗೆ ಸೂಪರ್ ಗ್ಲೂ ಮತ್ತು ತಾಳ್ಮೆ ಸಾಕು. ಸೌಂಡ್‌ಬೋರ್ಡೂ ಪ್ಲೇಟೂ ಗಟ್ಟಿಯಿದ್ದು ಶ್ರುತಿ ಮಾತ್ರ ನಿಲ್ಲದ, ಓರೆ ತಂತಿಯ ಪಿಯಾನೋ ಉಳ್ಳ ಮನೆಗಳಿಗೆ, ಶಾಲೆಗಳಿಗೆ, ಚರ್ಚುಗಳಿಗೆ ಈ ಸೇವೆಯನ್ನು ಧೈರ್ಯವಾಗಿ ಶಿಫಾರಸು ಮಾಡುತ್ತೇನೆ. ಕೆಲಸ ಕೊಡುವಾಗ ಹಲಗೆಯ ತುಂಡಿನ ಮೇಲೆ ಪ್ರಯೋಗದ ತೂತು ಕೊರೆದು ತೋರಿಸಲು ಹೇಳಿ, ತುದಿಯ ರಂಧ್ರಗಳನ್ನು ಯಾವ ಉಪಕರಣದಿಂದ ಕೊರೆಯುತ್ತೀರೆಂದು ಕೇಳಿ, ಅಳತೆಗಳನ್ನು ಬರೆದು ಕೊಡುವಂತೆ ಮೊದಲೇ ಕರಾರು ಮಾಡಿಕೊಳ್ಳಿ. ದೀಪಾವಳಿ ಮುಗಿದ ಮೇಲೆ ಅವರು ಹೊಸ ಕೆಲಸಗಳನ್ನು ಹಿಡಿಯುತ್ತಾರೆ. ಹಲಗೆ ಕೋಣೆಯ ಹವೆಗೆ ಹೊಂದಲು ವಾರಗಳು ಬೇಕಾಗುವುದರಿಂದ ನವರಾತ್ರಿಯ ಹೊತ್ತಿಗೇ ಮಾತನಾಡಿ ಇಡುವುದು ಲೇಸು.